ಊರ ಹೆಸರುಗಳನ್ನು ಕಲ್ಲಿನಲ್ಲಿ ಓದಿದ ರೈಸ್ ಸಾಹೇಬರು

ಪ್ರತಿ ವರ್ಷವೂ ಹೊಸದಾಗಿ ಸೇರುವ ಹುಡುಗಿಯರ ವಿಳಾಸಗಳನ್ನು ಅಡ್ಮಿಷನ್ ರಿಜಿಸ್ಟರಿನಲ್ಲಿ ಬರೆದುಕೊಳ್ಳುವಾಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂಬ ಹೆಸರುಗಳೇ ನಮ್ಮ ಕಣ್ಣಿಗೆ ಹೆಚ್ಚಾಗಿ ಬೀಳುತ್ತವೆ. ಇವು ಮಹನೀಯರ ಮತ್ತು ಪೂರ್ವಕಾಲದ ಒಂದು ರಾಜಧಾನಿಯ ಸ್ಮರಣೆಗಾಗಿ ಇಟ್ಟ ಹೊಸ ಹೆಸರುಗಳೆಂಬುದನ್ನು ಎಲ್ಲರೂ ಬಲ್ಲರು. ಆದರೆ ಇವುಗಳ ಸಂದುಗೊಂದುಗಳಲ್ಲಿ ಸಾಣೇಗುರುವನಹಳ್ಳಿ, ಕೇತಮಾರನಹಳ್ಳಿ, ಅತ್ತಿಗುಪ್ಪೆ, ಅಗ್ರಹಾರ ದಾಸರಹಳ್ಳಿ ಮುಂತಾದ ಹಳೆಯ ಹೆಸರುಗಳು ಇನ್ನೂ ಉಸಿರಾಡುತ್ತಿವೆ. ಪಶ್ಚಿಮಕ್ಕೆ ಹೋದರೆ ಕೆಂಗೇರಿಯುಂಟು. ಅಗ್ರಹಾರವೆಂಬ ಒಂದು ಮಾತೇ, ಆ ಭೂಮಿಯು ಹಿಂದೊಮ್ಮೆ ಬ್ರಾಹ್ಮಣರಿಗೆ ದತ್ತಿಯಾಗಿ ಸಂದಿತ್ತೆಂಬುದಕ್ಕೆ ಸಾಕ್ಷಿಯಾಗಿರುತ್ತದೆ. ಊರಿನ ಹೆಸರು ಎಷ್ಟು ಹಳೆಯದು, ಮೊದಲು ಅದು ಯಾವ ರೂಪದಲ್ಲಿತ್ತು ಎಂಬುದನ್ನು ಕೇಳಿದ ಕತೆಯಿಂದಲ್ಲದೆ ಬರೆದಿಟ್ಟ ಸಾಕ್ಷ್ಯದಿಂದ ತಿಳಿಯುವ ದಾರಿಯನ್ನು ಮೈಸೂರು ಸೀಮೆಯವರಿಗೆ ತೋರಿಸಿಕೊಟ್ಟವರು ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರು. ಅವರ ಜೀವಿತ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಬೇಕೆಂಬುದು ನಮ್ಮ ಅಪೇಕ್ಷೆ.

ಇಂಥ ಕೆಲಸ ನಮ್ಮಲ್ಲಿ ಮಾತ್ರ ನಡೆದುದಲ್ಲ. ಜರ್ಮನಿ ದೇಶದಲ್ಲಿ ಸಾವಿರಾರು ಹಳ್ಳಿಗಳ ಹೆಸರು ಮೊಟ್ಟಮೊದಲು ಕಾಣುವುದು ಸಭೆಯ ಲೆಕ್ಕಪತ್ರಗಳಲ್ಲಿ. 1274ರಲ್ಲಿ ಲಿಯೋನ್ ಪಟ್ಟಣದಲ್ಲಿ ಕೂಡಿದ ಧರ್ಮಸಭೆಯು, ಕ್ರೂಸೇಡ್ ಯುದ್ಧದ ವೆಚ್ಚಕ್ಕಾಗಿ ಪಾದ್ರಿಗಳ ಆದಾಯದಲ್ಲಿ ದಶಮಾಂಶವನ್ನು ಎತ್ತಬೇಕೆಂದು ಗೊತ್ತುಮಾಡಿತು. ಅದರಂತೆ ಕಾನ್‌ಸ್ಟಾನ್ಸ್ ಬಿಷಪರ ಸೀಮೆಯಲ್ಲಿ 1275ರಲ್ಲಿ ದಶಮಾಂಶದ ಪುಸ್ತಕವೊಂದು ಸಿದ್ಧವಾಯಿತು. ನೈರುತ್ಯ ಜರ್ಮನಿಯ ಎಷ್ಟೋ ಗ್ರಾಮಗಳಿಗೆ ಅದೇ ಜನ್ಮಪತ್ರಿಕೆ. ಇದಕ್ಕಿಂತ ಹಿಂದಿನದು ಲಾರ್ಶ್ ಮಠದ ದತ್ತಿಗಳ ಪುಸ್ತಕ. ಈಗ ಹೈಡೆಲ್‌ಬರ್ಗ್ ನಗರದ ಬಡಾವಣೆಗಳಾಗಿರುವ ನಾಯೆನ್‌ಹೈಮ್, ಹಾಂಡ್‌ಶೂಸ್‌ಹೈಮ್ ಎಂಬ ಹಳ್ಳಿಗಳು ಅದರಲ್ಲಿ 765ರಷ್ಟು ಹಿಂದೆಯೇ ಬಂದಿವೆ. ಆದರೆ ಹೈಡೆಲ್‌ಬರ್ಗಿನ ಹೆಸರು ಪತ್ರಗಳಲ್ಲಿ ತಲೆಯೆತ್ತುವುದು 1196ರಲ್ಲಿ. ಪಟ್ಟಣಕ್ಕಿಂತ ಅದರ ಹೊಟ್ಟೆಯೊಳಗಿನ ಹಳ್ಳಿಗಳೇ ದಾಖಲೆಯಲ್ಲಿ ಹಿರಿಯವು! ಲೆಕ್ಕ ಬರೆದ ಸನ್ಯಾಸಿಗಳಿಗೆ ಚರಿತ್ರೆ ಬರೆಯುವ ಉದ್ದೇಶವಿರಲಿಲ್ಲ. ಯಾವ ಊರಿನಿಂದ ಏನು ಬರಬೇಕೆಂಬುದನ್ನು ಮರೆಯಬಾರದೆಂದು ಬರೆದರು, ಅಷ್ಟೇ.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಚರ್ಮದ ಹಾಳೆಗೆ ಬದಲಾಗಿ ಕಲ್ಲೂ ತಾಮ್ರದ ತಗಡೂ ಮಾಡಿದವು. ದೇವಾಲಯಕ್ಕೋ ಬಸದಿಗೋ ಮಠಕ್ಕೋ ಅಗ್ರಹಾರಕ್ಕೋ ಗದ್ದೆ ಬೆದ್ದಲುಗಳನ್ನು ಬಿಟ್ಟಾಗ, ಗಾಣದ ಸುಂಕವನ್ನೋ ಮಗ್ಗದ ತೆರಿಗೆಯನ್ನೋ ಬಿಟ್ಟುಕೊಟ್ಟಾಗ, ಅದನ್ನು ಶಾಸನವಾಗಿ ಕೆತ್ತಿಸುತ್ತಿದ್ದರು. ಅದರಲ್ಲಿ ಊರಿನ ಹೆಸರು, ಅದು ಸೇರಿದ ನಾಡಿನ ಹೆಸರು, ನಾಲ್ಕು ದಿಕ್ಕಿನ ಎಲ್ಲೆಗಳು, ಎಲ್ಲೆಯಲ್ಲಿ ನಿಂತ ಆಲದ ಮರ, ಹುತ್ತ, ಕೆರೆಯ ತೂಬು ಇವೆಲ್ಲವೂ ಬರುತ್ತಿದ್ದವು. ಕೊನೆಗೆ, ಈ ಧರ್ಮವನ್ನು ಅಳಿದವನು ಎಂಥ ಪಾಪಕ್ಕೆ ಹೋಗುವನೆಂಬ ಶಾಪವೂ ಇರುತ್ತಿತ್ತು. ಇಷ್ಟು ಎಚ್ಚರದಿಂದ ಬರೆಸಿದ ಪತ್ರಗಳು ನಾಲ್ಕಾರು ಶತಮಾನ ಕಳೆಯುವುದರೊಳಗಾಗಿ ಊರಿನವರಿಗೇ ಓದಲು ಬಾರದ ಕಲ್ಲುಗಳಾಗಿಹೋದವು. ಕೆಲವು ಬಟ್ಟೆ ಒಗೆಯುವ ಕಲ್ಲಾದವು. ಕೆಲವು ಕಾಲುವೆಗೆ ಹಾಸುಗಲ್ಲಾದವು.

ರೈಸ್ ಸಾಹೇಬರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1837ನೆಯ ಇಸವಿ ಜುಲೈ ತಿಂಗಳಲ್ಲಿ. ಅವರ ತಂದೆ ಬೆಂಜಮಿನ್ ರೈಸ್ ಪಾದ್ರಿಗಳು ಲಂಡನ್ ಮಿಷನಿನವರು. ಅದೇ ವರ್ಷದ ಆರಂಭದಲ್ಲಿ ಇಲ್ಲಿಗೆ ಬಂದು ಐವತ್ತು ವರ್ಷ ಇಲ್ಲಿಯೇ ದುಡಿದು 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಈ ತಂದೆಯ ಹೆಸರಿನದು, ಮಗನ ಹೆಸರಿನದಲ್ಲ. ಅನೇಕರು ಇವರಿಬ್ಬರನ್ನೂ ಒಬ್ಬರೆಂದೇ ಎಣಿಸುವುದರಿಂದ ಇದನ್ನು ಹೇಳಬೇಕಾಯಿತು. ತಾಯಿಯ ವಿಷಯವಾಗಿ ಚರಿತ್ರೆಕಾರರು ಹೆಚ್ಚು ಬರೆಯುವುದಿಲ್ಲ. ಆದರೆ ಈ ಸಂಚಿಕೆಯಲ್ಲಿ ಅವರನ್ನು ನೆನೆಯದಿದ್ದರೆ ತಪ್ಪಾದೀತು. 1840ರ ಸುಮಾರಿಗೆ, ಹೆಣ್ಣುಮಕ್ಕಳು ಅಕ್ಷರ ಕಲಿತರೆ ಮನೆಗೆ ಕೇಡೆಂದು ಜನರು ನಂಬಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಕನ್ನಡ ಹುಡುಗಿಯರಿಗಾಗಿ ಮೊದಲ ಪಾಠಶಾಲೆಯನ್ನು ತೆರೆದವರು ಶ್ರೀಮತಿ ರೈಸ್ ಮತ್ತು ಶ್ರೀಮತಿ ಸೀವೆಲ್ ಎಂಬ ಇಬ್ಬರು ಮಿಷನರಿ ಪತ್ನಿಯರು. ಮುಂದೆ ಸಾವಿರಾರು ಮೂಕ ಕಲ್ಲುಗಳನ್ನು ಮಾತಾಡಿಸಿದ ಮಗನು ಇಂಥ ಮನೆಯಲ್ಲಿ ಹುಟ್ಟಿದನು. ತಮ್ಮನಾದ ಎಡ್ವರ್ಡ್ ಪೀಟರ್ ರೈಸರು ಪಾದ್ರಿಗಳಾಗಿ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಸಿದ್ಧರಾದರು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು ಲೂಯಿಸ್ ರೈಸರು 1860ರಲ್ಲಿ ಬೆಂಗಳೂರಿಗೆ ಮರಳಿ, ಆಮೇಲೆ ಸೆಂಟ್ರಲ್ ಕಾಲೇಜೆನಿಸಿದ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಐದು ವರ್ಷಗಳ ಬಳಿಕ ಮೈಸೂರು ಮತ್ತು ಕೊಡಗಿನ ಪಾಠಶಾಲೆಗಳ ಇನ್‌ಸ್ಪೆಕ್ಟರಾದರು. ರೈಲಾಗಲಿ ಒಳ್ಳೆಯ ರಸ್ತೆಗಳಾಗಲಿ ವಿರಳವಾಗಿದ್ದ ಆ ಕಾಲದಲ್ಲಿ ಕುದುರೆಯ ಮೇಲೆ ಊರಿಂದೂರಿಗೆ ಹೋಗುವುದೇ ಅವರ ಉದ್ಯೋಗವಾಯಿತು. ಹೋಬಳಿಗೊಂದು ಶಾಲೆ ಬೇಕೆಂಬ ಯೋಜನೆಯನ್ನು 1868ರಲ್ಲಿ ಸರ್ಕಾರದ ಮುಂದಿಟ್ಟವರು ಇವರೇ. ಹೋಬಳಿ ಎಂಬುದು ಕಂದಾಯಕ್ಕಾಗಿ ಮಾಡಿದ ವಿಭಾಗ. ಅದೇ ಅಕ್ಷರಾಭ್ಯಾಸಕ್ಕೂ ಅಳತೆಯಾಯಿತು. ಉಪಾಧ್ಯಾಯ ವೃತ್ತಿಯವರಾದ ನಾವು, ರೈಸರ ಶಾಸನದ ಕೀರ್ತಿಯಲ್ಲಿ ಈ ಕೆಲಸವು ಮರೆಯಾಗಿರುವುದಕ್ಕೆ ಸ್ವಲ್ಪ ಖೇದಪಡುತ್ತೇವೆ. ಆಮೇಲೆ ಅವರು ವಿದ್ಯಾ ಇಲಾಖೆಯ ಡೈರೆಕ್ಟರಾದುದನ್ನೂ, 1882ರ ಹಂಟರ್ ವಿದ್ಯಾಕಮಿಷನ್ನಿಗೆ ಕಾರ್ಯದರ್ಶಿಯಾದುದನ್ನೂ ಇಲ್ಲಿ ಸೂಚಿಸಿದರೆ ಸಾಕು.

ಪಾಠಶಾಲೆಗಳನ್ನು ನೋಡಲು ಹೋದಲ್ಲೆಲ್ಲ ಕಲ್ಲುಗಳು ಕಣ್ಣಿಗೆ ಬಿದ್ದವು. ಮೇಜರ್ ಡಿಕ್ಸನ್ ಎಂಬವರು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಅರ್ಥಮಾಡಿ ಭಾಷಾಂತರಿಸುವ ಕೆಲಸವನ್ನು ಸರ್ಕಾರವು ರೈಸರಿಗೆ ಒಪ್ಪಿಸಿತು. ಇದರ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಪುಸ್ತಕವು ಹೊರಟಿತು. ಅಷ್ಟರಲ್ಲೇ ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನೂ ಬರೆದು ಮುಗಿಸಿದ್ದರು. 1890ರಿಂದ ಪ್ರಾಚ್ಯವಸ್ತು ಸಂಶೋಧನೆಯೇ ಅವರ ಪೂರ್ಣ ಉದ್ಯೋಗವಾಯಿತು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಎಪಿಗ್ರಾಫಿಯ ಕರ್ನಾಟಿಕವು 1905ರ ಹೊತ್ತಿಗೆ ಹನ್ನೆರಡು ಸಂಪುಟಗಳಾಗಿ, ಒಂಬತ್ತು ಸಾವಿರಕ್ಕೆ ಸಮೀಪದ ಶಾಸನಗಳನ್ನು ಒಳಗೊಂಡಿತು. ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಮೂಲವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚುಹಾಕಿಸಿ, ಇಂಗ್ಲಿಷ್ ಭಾಷಾಂತರವನ್ನು ಕೂಡಿಸಿದರು. ನಮ್ಮ ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ. ಇದರ ಜತೆಗೆ ಪಂಪಭಾರತ, ಕರ್ಣಾಟಕ ಭಾಷಾಭೂಷಣ, ಕರ್ಣಾಟಕ ಶಬ್ದಾನುಶಾಸನ ಮೊದಲಾದ ಗ್ರಂಥಗಳನ್ನೂ ಅಚ್ಚಿಗೆ ತಂದರು.

ಇದೆಲ್ಲವೂ ಒಬ್ಬನೇ ಮನುಷ್ಯನ ಕೈಕೆಲಸವೆಂದು ಭಾವಿಸತಕ್ಕದ್ದಲ್ಲ. ಹಳ್ಳಿಹಳ್ಳಿಗೆ ತೆರಳಿ ಪಾಚಿಯನ್ನು ತೊಳೆದು ಅಕ್ಷರಗಳನ್ನು ಪ್ರತಿಮಾಡಿದವರೂ, ಹಳಗನ್ನಡ ಸಂಸ್ಕೃತಗಳ ಗಂಟುಗಳನ್ನು ಬಿಡಿಸಿಕೊಟ್ಟ ಪಂಡಿತರೂ ಅನೇಕರಿದ್ದರು. ಮುಖಪತ್ರದ ಮೇಲೆ ದೊರೆಗಳ ಹೆಸರು ನಿಂತಿತು. ಪಂಡಿತರಲ್ಲಿ ಹೆಚ್ಚಿನವರ ಹೆಸರು ಓದುಗರ ಬಾಯಿಗೆ ಬರಲಿಲ್ಲ. ಊರ ಹೆಸರುಗಳನ್ನು ಉಳಿಸಿದ ಪುಸ್ತಕದಲ್ಲಿ ಇಷ್ಟು ಮಂದಿಯ ಹೆಸರು ಹಿಂದಾದದ್ದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆರ್. ನರಸಿಂಹಾಚಾರ್ಯರು ಮಾತ್ರ ರೈಸರ ಕೈಕೆಳಗೆ ದುಡಿದು 1906ರಲ್ಲಿ ಅವರ ಸ್ಥಾನಕ್ಕೇ ಬಂದರು. 1889ರಲ್ಲಿ ರೈಸರು ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ 500 ಆದವು. ಗುರುವಿನ ಕೆಲಸವನ್ನು ತಿದ್ದಿ ಬೆಳೆಸುವ ಶಿಷ್ಯರು ದೊರೆಯುವುದು ಗುರುವಿನ ಭಾಗ್ಯ.

ರೈಸರ ಕಾಲದ ದೊಡ್ಡ ವಾದವೊಂದನ್ನು ಇಲ್ಲಿ ಹೇಳಬೇಕು. ಗಂಗ ದೊರೆಗಳ ಹೆಸರಿನ ತಾಮ್ರಪಟಗಳಲ್ಲಿ ಬಹಳಷ್ಟು ಕೂಟಪತ್ರಗಳು, ಅಂದರೆ ಭೂಮಿಯ ಆಸೆಯಿಂದ ಆಮೇಲೆ ಯಾರೋ ಹುಟ್ಟಿಸಿದ ಸುಳ್ಳುಪತ್ರಗಳು ಎಂದು ಫ್ಲೀಟ್ ಎಂಬ ವಿದ್ವಾಂಸರು ಸಾಧಿಸಿದರು. ರೈಸರು ಅವು ನಿಜವೆಂದು ಬಹುಕಾಲ ಹೋರಾಡಿದರು. ಈಚಿನ ವಿದ್ವಾಂಸರು ಕೆಲವನ್ನು ಸಾಚಾವೆಂದೂ ಕೆಲವನ್ನು ಕೂಟವೆಂದೂ ಬೇರ್ಪಡಿಸಿದ್ದಾರೆ. ಆದುದರಿಂದ ಫ್ಲೀಟರ ಸಂಶಯವು ನಿರಾಧಾರವಾದುದಲ್ಲ. ಐರೋಪ್ಯ ಮಠಗಳಲ್ಲಿಯೂ ಇಂಥ ಸುಳ್ಳುಪತ್ರಗಳು ಹೇರಳವಾಗಿ ಹುಟ್ಟಿದವು. ಆದರೆ ಒಂದು ಮಾತುಂಟು. ದೊರೆಯ ಹೆಸರನ್ನೂ ವರ್ಷವನ್ನೂ ಸುಳ್ಳಾಗಿ ಬರೆಯುವವನು ಕೂಡ ಊರಿನ ಹೆಸರನ್ನೂ ಎಲ್ಲೆಯನ್ನೂ ಸರಿಯಾಗಿ ಬರೆಯಲೇಬೇಕು. ಇಲ್ಲವಾದರೆ ಅವನು ಬಯಸಿದ ಹೊಲವೇ ಅವನಿಗೆ ಸಿಕ್ಕದು. ಆದಕಾರಣ ಸುಳ್ಳುಪತ್ರವೂ ಊರ ಹೆಸರಿನ ಮಟ್ಟಿಗೆ ತಾನು ಹುಟ್ಟಿದ ಕಾಲದ ನಿಜವನ್ನು ನುಡಿಯುತ್ತದೆ.

1892ರಲ್ಲಿ ರೈಸರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಮತ್ತು ಅದರ ಸುತ್ತಿನ ಬಂಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಅವು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬರೆಸಿದವು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ನಮ್ಮ ಸೀಮೆಯಲ್ಲಿ ಒಂದು ಊರಿಗೆ ಹೆಸರಿತ್ತು, ಆ ಹೆಸರು ಪಾಟಲಿಪುತ್ರದ ದೊರೆಯ ಶಾಸನಕ್ಕೆ ಏರಿತ್ತು ಎಂಬುದು ಅಂದು ತಿಳಿಯಿತು. ಮೈಸೂರಿನ ಚರಿತ್ರೆಯು ಒಂದೇ ದಿನದಲ್ಲಿ ಶತಮಾನಗಳಷ್ಟು ಹಿಂದಕ್ಕೆ ಸರಿಯಿತು.

ಬೆಂಗಳೂರಿನ ಹೆಸರಿನ ವಿಷಯವು ಇನ್ನೂ ಸ್ವಾರಸ್ಯವಾದುದು. ವೀರಬಲ್ಲಾಳ ದೊರೆಯು ಬೇಟೆಯಲ್ಲಿ ದಾರಿತಪ್ಪಿ ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂಬ ಕತೆಯನ್ನು ನಮ್ಮ ಚಿಕ್ಕ ತರಗತಿಯ ಮಕ್ಕಳೂ ಬಲ್ಲರು. ರೈಸರ ಗೆಜೆಟಿಯರಿನಲ್ಲಿಯೂ ಈ ಕತೆಗೆ ಸ್ಥಳ ದೊರೆತಿತ್ತು. ಬೇಗೂರಿನಲ್ಲಿದ್ದ ಗಂಗರ ಕಾಲದ ಒಂದು ವೀರಗಲ್ಲನ್ನು ರೈಸರು ಬಲ್ಲವರಾಗಿದ್ದರು. ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು, ಬೆಂಪೂರು ಹನ್ನೆರಡು ಹಳ್ಳಿಗಳನ್ನು ಇರುಗನೆಂಬವನಿಗೆ ಕೊಟ್ಟುದನ್ನು ಹಳ್ಳಿಗಳ ಹೆಸರು ಸಹಿತ ತಿಳಿಸುತ್ತದೆ. ಆ ಬೆಂಪೂರೇ ಇಂದಿನ ಬೇಗೂರು. ರೈಸರು ನಿವೃತ್ತರಾದ ಮೇಲೆ, ನರಸಿಂಹಾಚಾರ್ಯರ ಕಾಲದಲ್ಲಿ, ಅದೇ ಬೇಗೂರಿನ ದೇವಾಲಯದಲ್ಲಿ ಮತ್ತೊಂದು ಕಲ್ಲು ಬೆಳಕಿಗೆ ಬಂದಿತು. ಅದರಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಎಂಬವನು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ಬರೆದಿದೆ. ಅದರ ಕಾಲ ಸುಮಾರು 890. ವೀರಬಲ್ಲಾಳನು ಪಟ್ಟವೇರಿದ್ದು 1173ರಲ್ಲಿ. ಹೀಗೆ ರೈಸರು ಸ್ಥಾಪಿಸಿ ಬೆಳೆಸಿದ ಇಲಾಖೆಯೇ ಅವರ ಪುಸ್ತಕದ ಕತೆಯನ್ನು ಕೆಳಗಿಳಿಸಿತು. ಮುದುಕಿಯ ಕತೆಯನ್ನು ನಾವು ಮಕ್ಕಳಿಗೆ ಈಗಲೂ ಹೇಳುತ್ತೇವೆ, ಅದು ಅತಿಥಿಸತ್ಕಾರದ ಒಳ್ಳೆಯ ಕತೆ. ಆದರೆ ಮರುದಿನ ಬೇಗೂರಿನ ಕಲ್ಲಿನ ಸಂಗತಿಯನ್ನೂ ಹೇಳಿ, ಯಾವುದು ಮೊದಲೆಂದು ಲೆಕ್ಕಹಾಕಲು ಬಿಡುತ್ತೇವೆ.

1906ರಲ್ಲಿ ಉದ್ಯೋಗದಿಂದ ನಿವೃತ್ತರಾಗಿ ರೈಸರು ಇಂಗ್ಲೆಂಡಿಗೆ ತೆರಳಿದರು. ಶಾಸನಗಳಿಂದ ತಿಳಿದ ಚರಿತ್ರೆಯನ್ನೆಲ್ಲ ಕ್ರೋಡೀಕರಿಸಿ 1909ರಲ್ಲಿ ಮೈಸೂರು ಮತ್ತು ಕೊಡಗಿನ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು. 1927ರ ಜುಲೈಯಲ್ಲಿ, ತೊಂಬತ್ತು ವರ್ಷ ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಹ್ಯಾರೋ ಎಂಬಲ್ಲಿ ಕಾಲವಾದರು. ಅವರು ಹುಟ್ಟಿದ ಊರಿಗೂ ಅವರ ಮಣ್ಣಿಗೂ ನಡುವೆ ಸಮುದ್ರವಿದೆ.

ಅವರು ಕಂಡ ಕಲ್ಲುಗಳಲ್ಲಿ ಅನೇಕವು ಈಗಿಲ್ಲ. ಬೆಂಗಳೂರು ಹಬ್ಬಿದಂತೆ ಕೆರೆಯ ಏರಿಗಳು ರಸ್ತೆಗಳಾದವು, ಹೊಲಗಳು ನಿವೇಶನಗಳಾದವು. ಕಲ್ಲುಗಳು ಅಡಿಪಾಯಕ್ಕೆ ಸಂದವು, ಇಲ್ಲವೆ ಒಡೆದುಹೋದವು. ಅಂಥವುಗಳ ಮಟ್ಟಿಗೆ ಒಂಬತ್ತನೆಯ ಸಂಪುಟದ ಹಾಳೆಯೇ ಉಳಿದಿರುವ ಏಕಮಾತ್ರ ಪ್ರತಿ. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಈ ಸಂಪುಟಗಳ ಪರಿಷ್ಕೃತ ಮುದ್ರಣವನ್ನು ಕೈಗೊಂಡಿತು. ಕೆಂಗೇರಿಯ ಕಡೆಯ ಅಥವಾ ಮಾಗಡಿ ರಸ್ತೆಯ ಹಳ್ಳಿಮನೆತನದ ನಮ್ಮ ಹಳೆಯ ವಿದ್ಯಾರ್ಥಿನಿಯರು, ತಮ್ಮ ಹಿರಿಯರ ಜಮೀನಿನ ಬದುವಿನಲ್ಲಿ ಅಕ್ಷರವಿರುವ ಕಲ್ಲೇನಾದರೂ ಇದ್ದರೆ ಅದನ್ನು ಸರಿಸುವುದಕ್ಕೆ ಮುಂಚೆ ಪ್ರಾಚ್ಯವಸ್ತು ಇಲಾಖೆಗೆ ತಿಳಿಸುವ ಕೃಪೆಮಾಡಬೇಕು.

ಏಕೆಂದರೆ ರೈಸರಿಗೂ ತಪ್ಪಿಸಿಕೊಂಡ ಕಲ್ಲುಗಳುಂಟು. 2018ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ವೀರಗಲ್ಲೊಂದು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೆಯ ಇಸವಿಯದು. ಕಿತ್ತಯ್ಯನೆಂಬ ವೀರನು ಮಡಿದುದನ್ನು ಹೇಳುತ್ತದೆ. ಅದರಲ್ಲಿ ಪೆರ್ಬೊಳಲ್ ನಾಡು ಮೂವತ್ತು ಎಂಬ ಸೀಮೆಯ ಹೆಸರಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಆ ಪೆರ್ಬೊಳಲು ಬಾಯಿಂದ ಬಾಯಿಗೆ ಸವೆದು ಹೆಬ್ಬಾಳವಾಯಿತು. ಬೇಗೂರಿನ ಕಲ್ಲಿಗಿಂತ ಅದು ನೂರು ವರ್ಷಕ್ಕೂ ಹೆಚ್ಚು ಹಿರಿಯದು. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ನಲವತ್ತಾರು ವರ್ಷ ಉದ್ಯೋಗ ಮಾಡಿದ ರೈಸ್ ಸಾಹೇಬರ ಕಾಲದಲ್ಲಿ ಅದು ಆ ನೆಲದೊಳಗೇ ಮಲಗಿತ್ತು.