ಗಾಯಕಿ ಕ್ಯಾತ್ಲೀನ್ ಫೆರಿಯರ್

ಸಂಗೀತವಿದ್ಯೆಗೆ ಎಳವೆಯಲ್ಲಿಯೇ ಆಸರೆ ದೊರೆಯಬೇಕು, ಆ ಕಾಲ ಮೀರಿದರೆ ಮತ್ತೆ ದೊರೆಯಲಾರದು ಎಂಬುದು ನಮ್ಮಲ್ಲಿ ರೂಢಿಯಾಗಿರುವ ನಂಬಿಕೆ. ಈ ನಂಬಿಕೆಯನ್ನು ಅರ್ಧ ಸುಳ್ಳುಮಾಡಿ, ಉಳಿದರ್ಧವನ್ನು ನಿಜವೆಂದೇ ತೋರಿಸಿಕೊಟ್ಟ ಬಾಳು ಇಂಗ್ಲೆಂಡಿನ ಗಾಯಕಿ ಕ್ಯಾತ್ಲೀನ್ ಫೆರಿಯರಳದು. ಆಕೆಯ ಗಾನವನ್ನು ತೂಗಿ ನೋಡುವ ಪಾಂಡಿತ್ಯ ನನಗಿಲ್ಲ. ಆಕೆಯ ಜೀವನವನ್ನು ಮಾತ್ರ ವಾಚಕರ ಮುಂದಿಡುತ್ತೇನೆ.

ಕ್ಯಾತ್ಲೀನ್ 1912ರ ಏಪ್ರಿಲ್ 22ರಂದು ಲ್ಯಾಂಕಷೈರಿನ ಹೈಯರ್ ವಾಲ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದಳು. ತಂದೆ ಶಾಲಾ ಉಪಾಧ್ಯಾಯ. ಹುಡುಗಿ ಪಿಯಾನೊ ನುಡಿಸುವುದರಲ್ಲಿ ಚಿಕ್ಕಂದಿನಿಂದಲೇ ಮುಂದು. ಆದರೆ ತಂದೆಯ ನಿವೃತ್ತಿ ಸಮೀಪಿಸುತ್ತಿತ್ತು. ಮನೆಯ ಖರ್ಚು ತೂಗಿಸಬೇಕಾಗಿತ್ತು. 14ನೆಯ ವಯಸ್ಸಿನಲ್ಲಿ ಆಕೆಯ ಓದು ನಿಂತಿತು. ಬ್ಲ್ಯಾಕ್‌ಬರ್ನ್ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು. ಇತರರ ಮಾತಿಗೆ ತಂತಿ ಜೋಡಿಸುವುದು ಹೊಟ್ಟೆಪಾಡು. ಬಿಡುವಿನಲ್ಲಿ ಪಿಯಾನೊ ಸಾಧನೆ. 1928ರಲ್ಲಿ ಪತ್ರಿಕೆಯೊಂದು ಏರ್ಪಡಿಸಿದ ಸ್ಪರ್ಧೆಯಲ್ಲಿ ಒಂದು ಪಿಯಾನೊವನ್ನೇ ಬಹುಮಾನವಾಗಿ ಪಡೆದಳು. ಆದರೂ ಎಕ್ಸ್‌ಚೇಂಜಿನ ಕುರ್ಚಿ ಬಿಟ್ಟದ್ದು 1935ರಲ್ಲಿ, ಮದುವೆಯಾದಾಗ.

1937ರಲ್ಲಿ ಕಾರ್ಲೈಲ್ ಎಂಬ ಊರಿನ ಸಂಗೀತೋತ್ಸವದಲ್ಲಿ ಪಿಯಾನೊ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಹಾಡುಗಾರಿಕೆಯ ಸ್ಪರ್ಧೆಗೂ ನಿಲ್ಲುವ ಧೈರ್ಯ ನಿನಗುಂಟೆ ಎಂದು ಪತಿ ಒಂದು ಷಿಲಿಂಗಿನ ಪಂಥ ಕಟ್ಟಿದನು. ಆಕೆ ನಿಂತಳು, ಎರಡರಲ್ಲಿಯೂ ಗೆದ್ದಳು. ಆಗ ವಯಸ್ಸು ಇಪ್ಪತ್ತೈದರ ಸುಮಾರು. ವಾದ್ಯದ ಮುಂದೆ ಕುಳಿತವಳ ಕಂಠದಲ್ಲಿ ಇಂಥ ಸಿರಿಯಿದೆಯೆಂದು ಅದುವರೆಗೆ ಲೋಕಕ್ಕೆ ತಿಳಿದಿರಲಿಲ್ಲ.

ಆಕೆಯದು ಕಾಂಟ್ರಾಲ್ಟೊ, ಎಂದರೆ ಹೆಂಗಸರ ಕಂಠಗಳಲ್ಲೆಲ್ಲ ಅತಿ ಮಂದ್ರವಾದುದು. ಅನಂತರ ಕ್ರಮವಾದ ಶಿಕ್ಷಣ ಮೊದಲಾಯಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಸರ್ಕಾರದ ನೆರವಿನ ಕಲಾಮಂಡಳಿಯೊಂದರ ಪರವಾಗಿ ಕಾರ್ಖಾನೆಗಳಲ್ಲಿಯೂ ಸಣ್ಣ ಊರುಗಳಲ್ಲಿಯೂ ಹಾಡಿದಳು. 1942ರಲ್ಲಿ ಲಂಡನ್ನಿಗೆ ಬಂದು ರಾಯ್ ಹೆಂಡರ್ಸನ್ ಎಂಬ ಗಾಯಕನಲ್ಲಿ ಶಿಷ್ಯವೃತ್ತಿ ಕೈಕೊಂಡಳು. ಹೆಸರು ಬಂದ ಮೇಲೂ ಕಲಿಯುವುದನ್ನು ಬಿಡಲಿಲ್ಲ. 1943ರ ಮೇ 17ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹ್ಯಾಂಡೆಲನ ಮೆಸ್ಸಾಯ ಕೃತಿಯಲ್ಲಿ ಹಾಡಿದಾಗ ರಾಜಧಾನಿಯ ರಸಿಕರು ಆಕೆಯನ್ನು ಗುರುತಿಸಿದರು.

ಆಪೆರಾ ಎಂಬುದು ಮಾತಿನ ಬದಲು ಹಾಡಿನಿಂದಲೇ ನಡೆಯುವ ನಾಟಕ. ಅಲ್ಲಿ ಕಂಠದೊಡನೆ ಅಭಿನಯವೂ ಬೇಕು. 1946ರಲ್ಲಿ ಗ್ಲೈಂಡ್‌ಬರ್ನ್‌ನಲ್ಲಿ ಬೆಂಜಮಿನ್ ಬ್ರಿಟನ್ನನ ಹೊಸ ಆಪೆರಾದಲ್ಲಿ ಆಕೆ ಲುಕ್ರೀಷಿಯಳಾದಳು. ರಂಗದ ಅಭ್ಯಾಸವಿಲ್ಲದವಳಿಗೆ ಇದು ಸುಲಭವಾಗಿರಲಿಲ್ಲ. ಮರುವರ್ಷ ಗ್ಲುಕ್ಕನ ಕೃತಿಯಲ್ಲಿ ಪುರುಷಪಾತ್ರವಾದ ಆರ್ಫಿಯಸ್ ಆದಳು. ಸತ್ತ ಮಡದಿಯನ್ನು ಕರೆತರಲು ಪಾತಾಳಕ್ಕಿಳಿಯುವ ಗಾಯಕನ ಕಥೆ ಅದು. ರಂಗದ ಮೇಲೆ ಆಕೆ ವಹಿಸಿದ ಪಾತ್ರಗಳು ಈ ಎರಡೇ. ತನ್ನ ಕಂಠಕ್ಕೂ ಮನಸ್ಸಿಗೂ ಒಗ್ಗಿದುದನ್ನು ಆರಿಸಿಕೊಂಡು, ಉಳಿದ ಶಕ್ತಿಯನ್ನೆಲ್ಲ ಕಚೇರಿಗೆ ಮೀಸಲಿಟ್ಟಳು. ಬಾಖ್, ಬ್ರಾಮ್ಸ್, ಎಲ್ಗರ್ ಮೊದಲಾದವರ ಕೃತಿಗಳ ಜೊತೆಗೆ ತನ್ನ ನಾಡಿನ ಜನಪದಗೀತೆಗಳನ್ನೂ ಅದೇ ಗೌರವದಿಂದ ಹಾಡಿದಳು.

1947ರ ಎಡಿನ್‌ಬರೊ ಉತ್ಸವದಲ್ಲಿ ಬ್ರೂನೋ ವಾಲ್ಟರನ ನಿರ್ದೇಶನದಲ್ಲಿ ಮಾಲರನ ಭೂಮಿಗೀತವನ್ನು ಹಾಡಿದಳು. ವಾಲ್ಟರನು ಮಾಲರನ ಆಪ್ತ. ನಾಜಿಗಳ ದೆಸೆಯಿಂದ ಜರ್ಮನಿಯನ್ನು ತೊರೆದವನು. ಕೃತಿಯ ಕೊನೆಯ ವಿದಾಯದ ಭಾಗ ಬಂದಾಗ ಗಂಟಲು ಕಟ್ಟಿ ಆಕೆಗೆ ಹಾಡು ಮುಗಿಸಲಾಗಲಿಲ್ಲವೆಂದು ಪ್ರಸಿದ್ಧಿಯಿದೆ. ಆ ಹಿರಿಯನು ಮಾತ್ರ ಅದನ್ನು ಕುಂದೆಂದು ಎಣಿಸಲಿಲ್ಲ. 1948ರಿಂದ ಅಮೆರಿಕದಲ್ಲಿಯೂ ಸಂಚರಿಸಿ ಹಾಡಿದಳು.

1951ರ ಮಾರ್ಚಿಯಲ್ಲಿ ಸ್ತನದ ಕ್ಯಾನ್ಸರ್ ತೋರಿಕೊಂಡಿತು. ಶಸ್ತ್ರಚಿಕಿತ್ಸೆ ನಡೆಯಿತು. 1952ರ ಮೇ ತಿಂಗಳಲ್ಲಿ ವಿಯೆನ್ನಾ ನಗರದಲ್ಲಿ, ಅದೇ ವಾಲ್ಟರನೊಡನೆ, ಅದೇ ಭೂಮಿಗೀತವನ್ನು ಗ್ರಾಮಫೋನ್ ತಟ್ಟೆಗಳಿಗೆ ಹಾಡಿಕೊಟ್ಟಳು. 1953ರ ಫೆಬ್ರವರಿ 3ರಂದು ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮತ್ತೆ ಆರ್ಫಿಯಸ್. 6ರಂದು ಎರಡನೆಯ ಪ್ರದರ್ಶನ. ರೋಗದಿಂದ ಸವೆದಿದ್ದ ತೊಡೆಯ ಮೂಳೆ ರಂಗದ ಮೇಲೆಯೇ ಮುರಿಯಿತು. ಆಕೆ ಹಾಡು ನಿಲ್ಲಿಸಲಿಲ್ಲ. ಸಹನಟರ ಆಸರೆಯಲ್ಲಿ ನಿಂತು ಕಡೆಯವರೆಗೂ ಹಾಡಿದಳು. ಕೇಳುತ್ತಿದ್ದವರಲ್ಲಿ ಬಹುಮಂದಿಗೆ ನಡೆದುದು ತಿಳಿಯಲೇ ಇಲ್ಲ. ಉಳಿದ ಪ್ರದರ್ಶನಗಳು ನಿಂತವು. ಅಕ್ಟೋಬರ್ 8ರಂದು, 41ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಕೀರ್ತಿಯ ಕಾಲವೆಲ್ಲ ಸೇರಿ ಹತ್ತೇ ವರ್ಷ.

ಪ್ರತಿಭೆಯಿದ್ದರೆ ಬಡತನವೇನೂ ಅಡ್ಡಬರುವುದಿಲ್ಲ ಎಂಬ ನೀತಿಯನ್ನು ಈ ಕಥೆಯಿಂದ ತೆಗೆಯುವುದು ಸುಲಭ. ನನಗೆ ಅದು ಒಪ್ಪಿಗೆಯಾಗದು. ಕಾರ್ಲೈಲಿನ ಆ ಷಿಲಿಂಗಿನ ಪಂಥ ಬಾರದೆ ಹೋಗಿದ್ದರೆ ಏನಾಗುತ್ತಿತ್ತು? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟು ಕೂಲಿಗೆ ಹೋದುದರಿಂದ ನನ್ನ ಓದು ಸಾಗಿತು. ನಮ್ಮೂರ ಮದುವೆಗಳಲ್ಲಿ ಸೋಬಾನೆಗೆ ಮೊದಲ ದನಿ ಎತ್ತುವವಳು ಇಂದಿಗೂ ಅವಳೇ. ಅವಳ ಕಂಠದ ಬೆಲೆ ಎಷ್ಟೆಂದು ಹೇಳುವ ತೀರ್ಪುಗಾರರ ಮುಂದೆ ಅವಳು ಎಂದೂ ನಿಂತಿಲ್ಲ. ಕ್ಯಾತ್ಲೀನಳ ಸಾಧನೆ ಅವಳ ದುಡಿಮೆಯ ಫಲ, ನಿಜ. ಆದರೆ ದುಡಿಯಲು ಒಂದು ಬಾಗಿಲು ತೆರೆದಿರಬೇಕು.

ಆಕೆಯ ಗೆಳೆಯರು ಇದನ್ನು ಅರಿತಿದ್ದರೆಂದು ತೋರುತ್ತದೆ. ಆಕೆಯ ಹೆಸರಿನಲ್ಲಿ ಕ್ಯಾನ್ಸರ್ ಸಂಶೋಧನೆಗೆ ನಿಧಿ ಕೂಡಿಸಿದುದಲ್ಲದೆ, ತರುಣ ಗಾಯಕರಿಗಾಗಿ ಒಂದು ಪ್ರಶಸ್ತಿಯನ್ನೂ 1956ರಿಂದ ಆರಂಭಿಸಿದರು. ಯಾರೂ ಅರಿಯದ ಕಂಠಗಳು ಬಂದು ನಿಲ್ಲಲು ಅದೊಂದು ಬಾಗಿಲು. ಓದು ದೊರೆತ ನಾವು ನಮ್ಮ ಊರುಗಳಲ್ಲಿ ಅಂಥ ಒಂದು ಬಾಗಿಲನ್ನಾದರೂ ತೆರೆದರೆ, ನಮಗಾಗಿ ಓದು ಬಿಟ್ಟವರ ಋಣ ಸ್ವಲ್ಪವಾದರೂ ತೀರೀತು.