ಸೋಮವಾರದ ಅಧೀನತೆ: ಪಂಡಿತಾ ರಮಾಬಾಯಿಯವರ ಜೀವನದಿಂದ

 

ಯಾಕೋಬನ ಪತ್ರಿಕೆಯ ನಾಲ್ಕನೇ ಅಧ್ಯಾಯ ತೆಗೆದು ನೋಡಿ. ನಾವು ದೇವರಿಗೆ ಅಧೀನರಾಗಿರಬೇಕು ಅಂತ ಏಳನೇ ವಚನ ಹೇಳುತ್ತದೆ. ಭಾನುವಾರ ಆರಾಧನೆಯಲ್ಲಿ ಕೈ ಎತ್ತಿ, ಕಣ್ಣೀರು ಹಾಕಿ, ಎಲ್ಲವನ್ನೂ ಒಪ್ಪಿಸಿಕೊಡ್ತೀವಿ. ಒಳ್ಳೆಯದೇ. ಆದ್ರೆ ಸೋಮವಾರ ಬೆಳಿಗ್ಗೆ ಆಫೀಸಿನ ಕ್ಯಾಬ್ ಹತ್ತಿದ ಮೇಲೆ ಯಾರ ಅಧಿಕಾರ ನಡೆಯುತ್ತೆ? ನಮ್ಮ ಸಂಬಳ, ನಮ್ಮ ಫೋನು, ನಮ್ಮ ಮದುವೆಯ ತೀರ್ಮಾನ, ಇವೆಲ್ಲ ಯಾರ ಕೈಯಲ್ಲಿದೆ? ಇದನ್ನ ಒಬ್ಬ ತಾಯಿಯ ಜೀವನದಿಂದ ಕಲಿಯೋಣ.

ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಆ ಕಾಲದಲ್ಲಿ ಅವರಿಗೆ ದೊಡ್ಡ ವಿರೋಧ ಬಂತು. ಅದಕ್ಕೇ ಕಾಡು ಸೇರಿದ್ದು. ತಾಯಿ ಲಕ್ಷ್ಮೀಬಾಯಿ ತಾವು ಕಲಿತಿದ್ದನ್ನ ಮಗಳಿಗೆ ಕಲಿಸಿದರು. ಆಮೇಲೆ ಕುಟುಂಬ ಊರೂರು ತಿರುಗಿ ಪುರಾಣ ಓದಿ ಜೀವನ ಮಾಡಿತು. ಬರಗಾಲ ಬಂತು. ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಹಸಿವಿನಲ್ಲಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಆ ಇಪ್ಪತ್ತು ವರ್ಷದ ಹುಡುಗಿಯನ್ನ ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು.

1880ರಲ್ಲಿ ಅಣ್ಣ ಹೋದರು. ಅದೇ ವರ್ಷ ಬಂಗಾಳದ ವಕೀಲರೊಬ್ಬರ ಜೊತೆ ಮದುವೆ. 1882ರಲ್ಲಿ ಕಾಲರಾ ಬಂದು ಗಂಡನೂ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. 23 ವರ್ಷದ ವಿಧವೆ. 1883ರಲ್ಲಿ ಇಂಗ್ಲೆಂಡಿಗೆ ಹೋದರು, ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು.

ಈಗ ಗಮನ ಕೊಟ್ಟು ಕೇಳಿ, ಯೌವನಸ್ಥರೇ. ದೀಕ್ಷಾಸ್ನಾನ ಆದ ಮೇಲೆ ಎಲ್ಲಾ ಸರಾಗ ಆಯ್ತಾ? ಇಲ್ಲ. ಅವರನ್ನ ಆಶ್ರಯ ಕೊಟ್ಟು ಸಾಕಿದ ಆಂಗ್ಲಿಕನ್ ಸಹೋದರಿಯರು ಸಭೆಯ ಹಿರಿಯರು ಹೇಳಿದ್ದಕ್ಕೆಲ್ಲ ತಲೆ ಬಾಗಿಸಬೇಕು ಅಂದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನನ್ನ ದೇಶದ ಭಾಷೆ ಯಾಕಿರಬಾರದು ಅಂತ ಇವರು ಕೇಳಿದರು. ಹೆಣ್ಣಾಗಿ ಗಂಡು ವಿದ್ಯಾರ್ಥಿಗಳಿಗೆ ಪಾಠ ಮಾಡಬಾರದು ಅಂತ ಬಿಷಪ್ಪರು ಅಡ್ಡ ಬಂದಾಗ ಪ್ರಶ್ನೆ ಮಾಡಿದರು. ದೇವರ ವಾಕ್ಯದಲ್ಲಿ ತೋರಿಸಿ, ಮನಸ್ಸಾಕ್ಷಿ ಒಪ್ಪಿದರೆ ಮಾಡ್ತೀನಿ ಅನ್ನೋದೇ ಅವರ ನಿಲುವು. ಅವರನ್ನ ಹಠಮಾರಿ, ಅಹಂಕಾರಿ ಅಂದುಕೊಂಡವರಿದ್ದಾರೆ.

ಇವರು ಅಧೀನತೆ ಕಲಿಯಲಿಲ್ವಾ? ಪ್ರಿಯರೇ, ಇಲ್ಲೇ ನಾವು ಎಡವೋದು. ಸಭಾಪಾಲಕರನ್ನ ಗೌರವಿಸಬೇಕು, ಅಪ್ಪ ಅಮ್ಮನ ಮಾತು ಕೇಳಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನ ವಿಷಯದಲ್ಲಿ ದೇವರು ನನ್ನ ಹತ್ತಿರ ಮಾತಾಡಿದ್ದಾರೆ, ನಾನು ಹೇಳಿದ ಕಡೆ ಮದುವೆಯಾಗು, ನಾನು ಹೇಳಿದ ಕೆಲಸ ಬಿಡು ಅಂತ ಯಾರಾದರೂ ಹೇಳಿದರೆ? ಬೆರೋಯದವರು ಪೌಲನ ಮಾತನ್ನೂ ಶಾಸ್ತ್ರದ ಜೊತೆ ಹೋಲಿಸಿ ನೋಡಿದರು. ಅವರನ್ನ ಸತ್ಯವೇದ ಮೆಚ್ಚಿಕೊಳ್ಳುತ್ತೆ, ಬೈಯಲ್ಲ. ಸಿಂಹಾಸನದಲ್ಲಿ ಒಬ್ಬರೇ ಕೂತಿರೋದು, ಅಲ್ವಾ?

ಹಾಗಂತ ಖುಷಿಪಟ್ಟು ಎದ್ದು ಹೋಗಬೇಡಿ. ಮನುಷ್ಯರನ್ನ ಪ್ರಶ್ನೆ ಮಾಡೋದು ಸುಲಭ. ದೇವರು ನಮ್ಮನ್ನ ಪ್ರಶ್ನೆ ಮಾಡುವಾಗ ಸುಮ್ಮನೆ ನಿಲ್ಲೋದು ಕಷ್ಟ. ರಮಾಬಾಯಿಯವರಿಗೂ ಆ ದಿನ ಬಂತು. 1889ರಲ್ಲಿ ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಬಂತು. ಹೆಸರು ಇತ್ತು, ಸೇವೆ ಇತ್ತು. ಆದರೂ ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನೇ ಸಿಕ್ಕಿಲ್ಲ ಅಂತ ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷದ ಮೇಲೆ ಅವರಿಗೆ ಅರ್ಥವಾಯಿತು. ಬಿಷಪ್ಪರ ಮುಂದೆ ಬಾಗದ ಆ ಪಂಡಿತೆ ಪಾಪಿಯಾಗಿ ಯೇಸುವಿನ ಮುಂದೆ ಬಾಗಿದರು. ಹಲ್ಲೆಲೂಯಾ!

ಆಮೇಲೆ ನೋಡಿ, ಅಧೀನತೆಗೆ ಕೈಕಾಲು ಬಂತು. 1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಘೋರ ಬರಗಾಲ. ಆ ಸುದ್ದಿ ಕೇಳಿದಾಗ ತಾವು ಹಸಿದಿದ್ದ ದಿನಗಳು ನೆನಪಾದವು. ನೂರಾರು ಜನರನ್ನ ಸಾಕುವಷ್ಟು ಹಣ ಕೈಯಲ್ಲಿರಲಿಲ್ಲ. ಕರ್ತನು ಹೋಗು ಅಂದ ಮೇಲೆ ಹೋಗೋದು ನನ್ನ ಕೆಲಸ, ಕೊಡೋದು ಆತನ ಕೆಲಸ ಅಂತ ಹೊರಟರು. ಸುಮಾರು 300 ಹೆಣ್ಣುಮಕ್ಕಳನ್ನ ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದುದರಿಂದ ಕೇಡಗಾಂವ್‌ನ ಹೊಲದಲ್ಲಿ ಅವರಿಗೆ ನೆಲೆ ಮಾಡಿದರು. ಅದೇ ಮುಕ್ತಿ. 1900ರ ಹೊತ್ತಿಗೆ ಅಲ್ಲಿ 1500 ಜನ.

ಇಷ್ಟು ಜನ ಇದ್ದರೆ ಪ್ರತಿದಿನ ಏನು ಕೆಲಸ? ಹಿಟ್ಟು ಬೀಸಬೇಕು, ನೀರು ಸೇದಬೇಕು, ಹುಣ್ಣು ತೊಳೆಯಬೇಕು, ಹೇನು ತೆಗೆಯಬೇಕು, ಕದಿಯುವ ಮಗುವನ್ನ ತಿದ್ದಬೇಕು. ಸಂಸ್ಕೃತ ಪಂಡಿತೆಗೆ ದೇವರು ಕೊಟ್ಟ ಸೇವೆ ಅದು. ವೇದಿಕೆ ಇಲ್ಲ, ಮೈಕ್ ಇಲ್ಲ. ನಾವು ದೊಡ್ಡ ಕರೆಗಾಗಿ ಕಾಯ್ತಾ ಕೂತಿರ್ತೀವಿ, ಮನೆಯಲ್ಲಿ ಪಾತ್ರೆ ತೊಳೆಯೋದಕ್ಕೆ ಏಳಲ್ಲ!

ಈ ದಿನನಿತ್ಯದ ವಿಧೇಯತೆಯ ಮಧ್ಯದಲ್ಲೇ ಬೆಂಕಿ ಇಳಿಯಿತು. 1905ರ ಜನವರಿಯಲ್ಲಿ ರಮಾಬಾಯಿ ಉಜ್ಜೀವನಕ್ಕಾಗಿ ಪ್ರಾರ್ಥನಾ ಗುಂಪು ಶುರುಮಾಡಿದರು. ಜೂನ್ ತಿಂಗಳ ಕೊನೆಗೆ ಪವಿತ್ರಾತ್ಮನು ಆ ಹೆಣ್ಣುಮಕ್ಕಳ ಮೇಲೆ ಬಲವಾಗಿ ಇಳಿದು ಬಂದನು. ಅಮೆರಿಕದ ಅಜೂಸಾ ಬೀದಿಯ ಉಜ್ಜೀವನ ಶುರುವಾಗಿದ್ದು 1906ರ ಏಪ್ರಿಲಿನಲ್ಲಿ, ನೆನಪಿಡಿ. ಮುಕ್ತಿಯ ಹುಡುಗಿಯರು ಅತ್ತು ಪಾಪ ಅರಿಕೆ ಮಾಡಿದರು, ಆಮೇಲೆ ಗುಂಪು ಗುಂಪಾಗಿ ಹಳ್ಳಿಗಳಿಗೆ ಸುವಾರ್ತೆ ತೆಗೆದುಕೊಂಡು ಹೋದರು. ಅಭಿಷೇಕ ಬಂದಿದ್ದು ರಾಗಿಕಲ್ಲಿನಂಥ ಬೀಸುಕಲ್ಲು ತಿರುಗಿಸುತ್ತಿದ್ದ ಕೈಗಳ ಮೇಲೆ.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನ ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಅನುವಾದ ಮಾಡುತ್ತಿದ್ದರು. ಮುಕ್ತಿಯ ಸ್ವಂತ ಮುದ್ರಣಾಲಯದಲ್ಲಿ ಹೆಣ್ಣುಮಕ್ಕಳೇ ಅಚ್ಚುಕೆಲಸ ಮಾಡುತ್ತಿದ್ದರು. ಮಗಳು ಮನೋರಮಾ ಬಲಗೈಯಾಗಿದ್ದರು, ನಮ್ಮ ಗುಲ್ಬರ್ಗದಲ್ಲೂ ಶಾಲೆ ಶುರುಮಾಡಿದ್ದರು. ಅಮ್ಮನ ನಂತರ ಎಲ್ಲಾ ನೋಡಿಕೊಳ್ಳಬೇಕಾಗಿದ್ದವರು ಅವರೇ. 1921ರ ಜುಲೈನಲ್ಲಿ, 40ನೇ ವಯಸ್ಸಿನಲ್ಲಿ, ಆ ಮಗಳು ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಒಬ್ಬಳೇ ಮಗಳು. ಯಾಕೆ ಕರ್ತನೇ ಅಂತ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಈ ತಾಯಿಗೆ ಇತ್ತು. ಅವರು ಅನುವಾದ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು. ಆ ಸತ್ಯವೇದ ಪುಸ್ತಕವಾಗಿ ಹೊರಬಂದದ್ದು 1924ರಲ್ಲಿ. ಅದನ್ನ ಅವರು ಕೈಯಲ್ಲಿ ಹಿಡಿದು ನೋಡಲಿಲ್ಲ.

ನಿಮ್ಮಲ್ಲಿ ಕೆಲವರು ಉತ್ತರಕ್ಕಾಗಿ ಕಾಯ್ತಾ ಇದ್ದೀರಿ. ಕೆಲಸ ಹೋಗಿದೆ, ಸಂಬಂಧ ಮುರಿದಿದೆ, ಮನೆಯಲ್ಲಿ ಕಾಯಿಲೆ. ಅರ್ಥವಾದ ಮೇಲೆ ವಿಧೇಯನಾಗ್ತೀನಿ ಅಂತ ದೇವರ ಜೊತೆ ಚೌಕಾಸಿ ಮಾಡಬೇಡಿ. ನಾಳೆ ಆತನು ನಿಮ್ಮ ಕೈಗೆ ಕೊಡುವ ಒಂದು ಕೆಲಸ ಯಾವುದು? ಒಬ್ಬರನ್ನ ಕ್ಷಮಿಸೋದಾ? ಸುಳ್ಳು ಬಿಲ್ ಹಾಕದೆ ಇರೋದಾ? ರಾತ್ರಿ ಫೋನ್ ಪಕ್ಕಕ್ಕಿಟ್ಟು ವಾಕ್ಯ ತೆರೆಯೋದಾ? ಅದನ್ನ ಮಾಡಿ. ಮುಂದಿನದನ್ನ ಆತನು ತೋರಿಸುತ್ತಾನೆ.

ತಲೆ ಬಾಗಿಸಿ ಪ್ರಾರ್ಥಿಸೋಣ. ಕರ್ತನೇ, ನಮ್ಮ ಸೋಮವಾರವೂ ನಿನ್ನದಾಗಲಿ. ಯೇಸುವಿನ ನಾಮದಲ್ಲಿ, ಆಮೆನ್.