ಲೂಯಿ ಅಗಾಸಿ

ಲೂಯಿ ಅಗಾಸಿಯು 1807ನೆಯ ಇಸವಿಯಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಜನಿಸಿದನು. ಆಲ್ಪ್ಸ್ ಪರ್ವತದ ಹಿಮನದಿಗಳು ಹೊತ್ತು ತಂದ ಬಂಡೆಗಳನ್ನೂ ಕಲ್ಲುಮಣ್ಣನ್ನೂ ತಮ್ಮ ಅಂಚಿನಲ್ಲಿಯೂ ಮೈಮೇಲೆಯೂ ದಿಬ್ಬಗಳಾಗಿ ಒಟ್ಟುವುವು. ಇವಕ್ಕೆ ಮೊರೇನ್ ಎಂದು ಹೆಸರು. ಹಿಮವೇ ಇಲ್ಲದ ಕಣಿವೆಗಳಲ್ಲಿಯೂ ಇಂತಹ ದಿಬ್ಬಗಳಿರುವುದನ್ನು ಕಂಡ ಶಾರ್ಪಾಂತಿಯೆ ಎಂಬ ವಿದ್ವಾಂಸನು, ಹಿಮನದಿಗಳು ಹಿಂದೆ ಬಹುದೂರ ಹಬ್ಬಿದ್ದುವೆಂದು ವಾದಿಸಿದನು. ಅಗಾಸಿಯು ಅದನ್ನು ನಂಬದೆಯೇ 1836ರಲ್ಲಿ ಆತನ ಬಳಿಗೆ ಹೋದನು. ಸ್ಥಳಗಳನ್ನು ಕಣ್ಣಾರೆ ನೋಡಿದ ಮೇಲೆ ಮನಸ್ಸನ್ನು ಬದಲಾಯಿಸಿಕೊಂಡನು. ಮರುವರ್ಷ ನ್ಯೂಶಾಟೆಲ್ ನಗರದ ಪಂಡಿತರ ಸಭೆಯಲ್ಲಿ, ಪೂರ್ವದಲ್ಲಿ ಒಂದು ಹಿಮಯುಗವಿದ್ದಿತೆಂದು ಸಾರಿದಾಗ ಹಿರಿಯರು ಒಪ್ಪಲಿಲ್ಲ. ಆತನು ಎದೆಗುಂದದೆ 1840ರಲ್ಲಿ ಆರ್ ಹಿಮನದಿಯ ಮೊರೇನಿನ ಮೇಲೆ, ಹೆಬ್ಬಂಡೆಯೊಂದರ ಆಶ್ರಯದಲ್ಲಿ ಬೀಡುಬಿಟ್ಟನು. ಮುಂದಿನ ಬೇಸಗೆಗಳಲ್ಲಿ ಆ ನದಿಯ ಚಲನೆಯನ್ನು ಅಳೆದನು.

1846ರಲ್ಲಿ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ಅಧ್ಯಾಪಕನಾದನು. ಪತ್ನಿ ಎಲಿಜಬೆತ್ 1855ರಲ್ಲಿ ಸ್ವಗೃಹದಲ್ಲಿ ತೆರೆದ ಬಾಲಿಕಾ ಪಾಠಶಾಲೆಯಲ್ಲಿ ತಾನೂ ಬೋಧಿಸಿದನು. ಆಕೆಯು ಮುಂದೆ ರಾಡ್‌ಕ್ಲಿಫ್ ಮಹಿಳಾ ಕಾಲೇಜಿನ ಮೊದಲ ಅಧ್ಯಕ್ಷೆಯಾದಳು. ಕಲ್ಲುಗಳ ಸಾಕ್ಷ್ಯಕ್ಕೆ ತಲೆಬಾಗಿದ ಆತನೇ ಡಾರ್ವಿನನ ಸಿದ್ಧಾಂತವನ್ನು ಕಡೆಯವರೆಗೂ ಅಂಗೀಕರಿಸಲಿಲ್ಲ. ಮನುಷ್ಯಕುಲಗಳಲ್ಲಿ ಮೇಲುಕೀಳೆಣಿಸಿದ್ದು ಆತನ ಕೀರ್ತಿಗೆ ಕಲಂಕ. 1873ರಲ್ಲಿ ನಿಧನಹೊಂದಿದ ಆತನ ಸಮಾಧಿಯ ಮೇಲೆ ಆರ್ ಹಿಮನದಿಯ ಮೊರೇನಿನಿಂದ ತಂದ ಬಂಡೆಯೊಂದು ನಿಂತಿದೆ.